ಈ ಫೋಟೋದಲ್ಲಿ ಗೆಲಾಕ್ಸಿ ಎಲ್ಲಿದೆ? ಒಂಬತ್ತನೇ ಕ್ಲಾಸಿನ ಹುಡುಗಿಗೆ ಉತ್ತರ ಕೊಡಬೇಕು

ಚಿಂಚೋಳಿ ಮಾಸ್ತರ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಸಹಾಯ ಬೇಕು. ಕಳೆದ ವಾರ ಕ್ಲಾಸಿಗೆ ಎರಡು ದೊಡ್ಡ ಫೋಟೋ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ಎರಡೂ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ತೆಗೆದದ್ದು, 2023ರಲ್ಲಿ ಹೊರಬಂದವು. ಎನ್‌ಜಿಸಿ 6822, ಅಂದರೆ ಬರ್ನಾರ್ಡ್ ಗೆಲಾಕ್ಸಿ. ಕುಬ್ಜ ಗೆಲಾಕ್ಸಿ, ನಮ್ಮಿಂದ ಸುಮಾರು 16 ಲಕ್ಷ ಜ್ಯೋತಿರ್ವರ್ಷ ದೂರ. ಗೋಡೆಗೆ ಅಂಟಿಸಿ "ನೋಡ್ರಿ ಮಕ್ಕಳೇ, ಇದು ಒಂದು ಗೆಲಾಕ್ಸಿ" ಅಂದು ಜಂಬದಿಂದ ನಿಂತೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಸರ, ಇದ್ರಾಗ ಗೆಲಾಕ್ಸಿ ಎಲ್ಲದ?"

ಫೋಟೋ ತುಂಬಾ ಕೈ ಆಡಿಸಿ "ಇದೆಲ್ಲಾ ಅದೇ" ಅಂದೆ. "ಮತ್ತ ಸುರುಳಿ ಎಲ್ಲದ ಸರ? ಪುಸ್ತಕದಾಗ ಸುರುಳಿ ಅದಲ್ಲ?" ಕ್ಲಾಸೆಲ್ಲಾ ನಕ್ಕಿತು. ನಿಜ ಹೇಳಬೇಕೆಂದರೆ ಕರೀ ಕಂಬಳಿ ಮೇಲೆ ಸಜ್ಜೆ ಚೆಲ್ಲಿದ ಹಾಗೆ ಕಾಣುತ್ತದೆ ಅದು. ಎರಡನೇ ಫೋಟೋ ಇನ್ನೂ ಕಷ್ಟ. ಅದೇ ಜಾಗ, ಆದರೆ ನಕ್ಷತ್ರಗಳೆಲ್ಲಾ ಮಂಕು, ಬರೀ ಹೊಗೆ ಹೊಗೆ.

"ನಾಳೆ ಹೇಳ್ತೀನಿ" ಅಂತ ತಪ್ಪಿಸಿಕೊಂಡು ಬಂದೆ. ಆಕಾರ ಯಾಕಿಲ್ಲ, ಆ ಹೊಗೆ ಏನು, ಇಷ್ಟು ದೊಡ್ಡ ದೂರದರ್ಶಕ ಇಟ್ಟುಕೊಂಡು ಇಂಥ ಪುಟಾಣಿ ಗೆಲಾಕ್ಸಿ ಹಿಂದೆ ಯಾಕೆ ಬಿದ್ದಿದ್ದಾರೆ. ಗೊತ್ತಿದ್ದವರು ಬಿಡಿಸಿ ಹೇಳಿ. ನನ್ನ ಹತ್ತಿರ 8 ಇಂಚಿನ ಟೆಲಿಸ್ಕೋಪ್ ಇದೆ. ಅದರಲ್ಲಿ ಈ ಗೆಲಾಕ್ಸಿ ತೋರಿಸಬಹುದಾ ಅಂತಲೂ ಹೇಳಿ.

ತೊಗರಿ ಕಣಜ
ಮಾಸ್ತರೇ, ಹುಡುಗಿಗೆ ನೂರಕ್ಕೆ ನೂರು ಕೊಡಿ. ನಾನಾಗಿದ್ದರೂ ಅದೇ ಕೇಳುತ್ತಿದ್ದೆ.

ಯಾದಗಿರಿ ಅಕ್ಕ
ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ, ನನಗೆ ತಿಳಿದಷ್ಟು ಬರೆಯುತ್ತೇನೆ.

ಸುರುಳಿ ಆಗಬೇಕಾದರೆ ಗೆಲಾಕ್ಸಿಗೆ ಮೈ ಇರಬೇಕು. ನಮ್ಮ ಆಕಾಶಗಂಗೆ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ ಅಗಲ. ಬರ್ನಾರ್ಡ್ ಗೆಲಾಕ್ಸಿ ಏಳು ಸಾವಿರದ ಆಸುಪಾಸು. ತೂಕ ಕಡಿಮೆ, ಹಿಡಿತವೂ ಕಡಿಮೆ. ಒಳಗೆ ನಾಲ್ಕು ದೊಡ್ಡ ನಕ್ಷತ್ರ ಸಿಡಿದರೆ ಅನಿಲ ಚೆಲ್ಲಾಪಿಲ್ಲಿ. ದೊಡ್ಡ ಗೆಲಾಕ್ಸಿ ಅಂಥ ಏಟು ತಿಂದು ಅರಗಿಸಿಕೊಳ್ಳುತ್ತದೆ, ಸಣ್ಣದಕ್ಕೆ ಆಗುವುದಿಲ್ಲ. ಅದಕ್ಕೇ ಅನಿಯಮಿತ ಅಂತ ಹೆಸರು.

ಇನ್ನೊಂದು ಮಾತು. ಆ ಫೋಟೋದಲ್ಲಿ ಮುಳ್ಳು ಮುಳ್ಳಾಗಿ ಹೊಳೆಯುವ ನಕ್ಷತ್ರಗಳು ಬರ್ನಾರ್ಡ್ ಗೆಲಾಕ್ಸಿಯವೇ ಅಲ್ಲ. ನಮ್ಮ ಆಕಾಶಗಂಗೆಯವು, ಮಧ್ಯೆ ಅಡ್ಡ ನಿಂತಿವೆ. ಧನು ರಾಶಿಯ ದಿಕ್ಕಿನಲ್ಲಿ ನೋಡಿದರೆ ನಮ್ಮವರ ಗದ್ದಲವೇ ಜಾಸ್ತಿ. ಆ ಮುಳ್ಳುಗಳು ವೆಬ್ ಕನ್ನಡಿಯ ಆಟ. ಆರು ಮೂಲೆಯ 18 ತುಂಡು ಜೋಡಿಸಿ ಮಾಡಿದ ಕನ್ನಡಿ, ಅದಕ್ಕೇ ಆರು ದೊಡ್ಡ ಮುಳ್ಳು. ಮುಂದಿನ ಕಂಬಿಯಿಂದ ಅಡ್ಡಕ್ಕೆ ಎರಡು ಸಣ್ಣ ಮುಳ್ಳು.

ಶಹಾಬಾದ್ ಫರ್ಸಿ
ಕುಬ್ಜ ಗೆಲಾಕ್ಸಿ, ಅನಿಯಮಿತ ಗೆಲಾಕ್ಸಿ. ಯಾವ ಮಗುವಿಗೆ ತಿಳಿಯುತ್ತದೆ? ಗಿಡ್ಡ ಗೆಲಾಕ್ಸಿ ಅನ್ನಿ, ಮುಗೀತು.

ಭೀಮಾತೀರ
ಅದಿರಲಿ, ಗೆಲಾಕ್ಸಿಗೇ ಕನ್ನಡದಲ್ಲಿ ಒಂದು ಗಟ್ಟಿ ಪದ ಇಲ್ಲವಲ್ಲ. ಒಬ್ಬರು ನಕ್ಷತ್ರಪುಂಜ ಅಂತಾರೆ, ಧನು ರಾಶಿಗೂ ಅದೇ ಪದ. ಇನ್ನೊಬ್ಬರು ತಾರಾವ್ಯೂಹ ಅಂತಾರೆ. ಮತ್ತೊಬ್ಬರು ಬ್ರಹ್ಮಾಂಡ ಅಂತ ಬರೆದದ್ದೂ ಓದಿದ್ದೇನೆ. ಬ್ರಹ್ಮಾಂಡದೊಳಗೆ ಬ್ರಹ್ಮಾಂಡ!

ಶಹಾಬಾದ್ ಫರ್ಸಿ
ಅದಕ್ಕೇ ಹೇಳಿದ್ದು. ಗೆಲಾಕ್ಸಿ ಇರಲಿ, ಬಸ್ಸು ಕಾರು ಇದ್ದ ಹಾಗೆ. ಕುಬ್ಜ ಮಾತ್ರ ಬೇಡ.

ಯಾದಗಿರಿ ಅಕ್ಕ
ಗಿಡ್ಡ ಅಂದರೆ ಎತ್ತರ ಕಡಿಮೆ ಅಂತ ಆಗುತ್ತದೆ ಅಣ್ಣಾ. ಆದರೆ ನನ್ನ ಕ್ಲಾಸಿನಲ್ಲಿ ನಾಳೆ ಗಿಡ್ಡ ಅಂತಲೇ ಹೇಳಿ ನೋಡುತ್ತೇನೆ 😄

ಕತ್ತಲು ಹುಡುಕುವವ
ಸೇಡಂ ಕಡೆಯವನು, ಹವ್ಯಾಸಕ್ಕೆ ಆಕಾಶದ ಫೋಟೋ ತೆಗೆಯುತ್ತೇನೆ. 8 ಇಂಚಿನಲ್ಲಿ ಬರ್ನಾರ್ಡ್ ಕಾಣುತ್ತದೆ, ಆದರೆ ಕಾಣುವುದು ಅಂದರೆ ಏನು ಅಂತ ಮೊದಲೇ ಮಾತಾಡಿಕೊಳ್ಳೋಣ. ಪುಸ್ತಕದಲ್ಲಿ 9ರ ಹತ್ತಿರದ ಕಾಂತಿಮಾನ (ಹೊಳಪಿನ ಅಳತೆ) ಅಂತ ಇರುತ್ತದೆ. ಓದಿದರೆ ಸುಲಭ ಅನ್ನಿಸುತ್ತದೆ. ಆದರೆ ಆ ಬೆಳಕೆಲ್ಲಾ ಹುಣ್ಣಿಮೆ ಚಂದ್ರನ ಅರ್ಧದಷ್ಟು ಅಗಲಕ್ಕೆ ಹರಡಿಬಿಟ್ಟಿದೆ. ಒಂದು ಚಮಚ ತುಪ್ಪವನ್ನು ಇಡೀ ಹೆಂಚಿಗೆ ಸವರಿದ ಹಾಗೆ. ಕಲಬುರಗಿ ಊರೊಳಗಿನ ಮಾಳಿಗೆಯಿಂದ ಅಸಾಧ್ಯ. ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳ ದೀಪ ಮತ್ತು ಧೂಳು. ಚಿಂಚೋಳಿ ಕಾಡಿನ ಅಂಚೇ ನಮಗೆ ಗತಿ.

ಹೆಚ್ಚು ಝೂಮ್ ಹಾಕಬೇಡಿ, ಮಾಯವಾಗಿಬಿಡುತ್ತದೆ. ಕಡಿಮೆ ಪವರ್, ಅಗಲ ನೋಟ. ಪಕ್ಕದಲ್ಲೇ, ಮುಕ್ಕಾಲು ಡಿಗ್ರಿ ಒಳಗೆ, ಎನ್‌ಜಿಸಿ 6818 ಅಂತ ಒಂದು ಗ್ರಹೀಯ ನೀಹಾರಿಕೆ, ಅಂದರೆ ಸಾಯುತ್ತಿರುವ ನಕ್ಷತ್ರ ಹೊರಚೆಲ್ಲಿದ ಅನಿಲದ ಚಿಪ್ಪು ಇದೆ. ಪುಟ್ಟದು, ಹೊಳಪಿನದು. ಅದನ್ನು ಮೊದಲು ಹಿಡಿಯಿರಿ, ಆಮೇಲೆ ನಿಧಾನವಾಗಿ ದಕ್ಷಿಣಕ್ಕೆ ಸರಿಯಿರಿ.

ಮಾಳಿಗೆ ಮನೆ
ಸೂಪರ್ ಮಾರ್ಕೆಟ್ ಹತ್ತಿರದ ನಮ್ಮ ಮಾಳಿಗೆಯಿಂದ ಗುರು ಕಾಣುತ್ತಾನೆ, ಶುಕ್ರ ಕಾಣುತ್ತಾನೆ, ಪಕ್ಕದ ಮನೆಯವರ ಫ್ಲಡ್ ಲೈಟ್ ಕಾಣುತ್ತದೆ. ಮುಗೀತು ನನ್ನ ಬ್ರಹ್ಮಾಂಡ.

ಸುಮ್ನೆ ಕೇಳ್ದೆ
ಒಂದು ಮಾತು ಕೇಳುತ್ತೇನೆ, ಬೇಸರ ಬೇಡ. ವೆಬ್‌ಗೆ ಸುಮಾರು 10 ಬಿಲಿಯನ್ ಡಾಲರ್ ಖರ್ಚು ಮಾಡಿದ್ದಾರೆ. ಅದರಲ್ಲಿ ಹೋಗಿ ಹೋಗಿ ಆಕಾರವೇ ಇಲ್ಲದ ಒಂದು ಮೋಡ ನೋಡಿದರು. ಇದರಿಂದ ಯಾರಿಗೆ ಏನು?

ತೊಗರಿ ಕಣಜ
ದುಡ್ಡು ನಿಮ್ಮದಲ್ಲ ನಮ್ಮದಲ್ಲ, ಅವರದ್ದು. ನೋಡಲು ಸಿಕ್ಕಿದ್ದು ಫ್ರೀ. ಸುಮ್ನೆ ನೋಡಿ ಕಾಕಾ.

ಯಾದಗಿರಿ ಅಕ್ಕ
ಪ್ರಶ್ನೆ ಸರಿಯಾಗಿಯೇ ಇದೆ, ತಮಾಷೆಯಲ್ಲಿ ಹಾರಿಸುವುದು ಬೇಡ. ಯಾಕೆ ಸಣ್ಣದು, ಯಾಕೆ ಹತ್ತಿರದ್ದು ಅನ್ನುವುದೇ ಇಲ್ಲಿ ವಿಷಯ.

ದೂರದ ಗೆಲಾಕ್ಸಿ ಅಂದರೆ ಒಟ್ಟು ಬೆಳಕು ಮಾತ್ರ. ಹೆದ್ದಾರಿಯಿಂದ ರಾತ್ರಿ ಒಂದು ಊರು ಕಂಡ ಹಾಗೆ. ದೀಪದ ಗುಂಪು ಕಾಣುತ್ತದೆ, ಮನೆ ಕಾಣುವುದಿಲ್ಲ. ಹತ್ತಿರದ್ದಾದರೆ ಒಂದೊಂದೇ ನಕ್ಷತ್ರ ಎಣಿಸಬಹುದು. ಆ ಹುಡುಗಿ ಗೆಲಾಕ್ಸಿ ಎಲ್ಲಿ ಅಂತ ಕೇಳಿದಳಲ್ಲ, ಅವಳಿಗೆ ಬರೀ ನಕ್ಷತ್ರ ಕಂಡಿವೆ. ಅಷ್ಟು ಹತ್ತಿರ ಹೋಗಿ ನೋಡಿದ್ದಕ್ಕೇ ಗೆಲಾಕ್ಸಿ ಕಾಣಲಿಲ್ಲ.

ತೊಗರಿ ಕಣಜ
ಈಗ ತಿಳೀತು. ನಮ್ಮ ಎಪಿಎಂಸಿ ಅಂಗಳದಲ್ಲಿ ತೊಗರಿ ರಾಶಿ ಗೇಟಿನಿಂದ ನೋಡಿದರೆ ಹಳದಿ ಗುಡ್ಡ. ಖರೀದಿಗೆ ಬಂದವನು ಗುಡ್ಡ ನೋಡಿ ರೇಟ್ ಹೇಳುವುದಿಲ್ಲ. ಚೀಲಕ್ಕೆ ಚುಚ್ಚಿ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡುತ್ತಾನೆ. ಯಾವುದು ಜೊಳ್ಳು, ಯಾವುದು ಹುಳ ಹಿಡಿದದ್ದು, ಯಾವುದು ಹೋದ ವರ್ಷದ್ದು, ಎಲ್ಲಾ ಅಲ್ಲೇ ಗೊತ್ತಾಗುತ್ತದೆ. ಸರೀನಾ ಅಕ್ಕಾ?

ಯಾದಗಿರಿ ಅಕ್ಕ
ನೂರಕ್ಕೆ ನೂರು. ಹೋದ ವರ್ಷದ ಕಾಳು ಅಂದಿರಲ್ಲ, ಅದೇ ಮುಖ್ಯ. ನಕ್ಷತ್ರದ ಬಣ್ಣ ಮತ್ತು ಹೊಳಪು ಎರಡೂ ಸಿಕ್ಕರೆ ಅದರ ವಯಸ್ಸಿನ ಅಂದಾಜು ಸಿಗುತ್ತದೆ. ಭಾರಿ ನೀಲಿ ನಕ್ಷತ್ರಗಳು ಬೇಗ ಉರಿದು ಸಾಯುತ್ತವೆ, ಹಾಗಾಗಿ ಕಂಡವೆಲ್ಲಾ ಹೊಸವು. ಸಣ್ಣ ಮಂಕು ನಕ್ಷತ್ರಗಳು ಸಾವಿರ ಕೋಟಿ ವರ್ಷ ಬಾಳುತ್ತವೆ. ಸಾವಿರಾರು ನಕ್ಷತ್ರ ಎಣಿಸಿದರೆ ಆ ಗೆಲಾಕ್ಸಿಯಲ್ಲಿ ಯಾವ ಕಾಲಕ್ಕೆ ಎಷ್ಟು ಹುಟ್ಟಿದವು ಅಂತ ಲೆಕ್ಕ ಬರುತ್ತದೆ.

ನಮ್ಮ ಕಡೆಯ ಉದಾಹರಣೆ ಹೇಳಲಾ? ಬೇಸಿಗೆಯಲ್ಲಿ ನಮ್ಮ ತಾಂಡಾಗಳಿಗೆ ಹೋಗಿ ತಲೆ ಎಣಿಸಿ. ಅಜ್ಜ ಅಜ್ಜಿ ಇರುತ್ತಾರೆ, ಶಾಲೆ ಮಕ್ಕಳು ಇರುತ್ತಾರೆ. ನಡುವಿನ ವಯಸ್ಸಿನವರು ಇಲ್ಲ. ಯಾರೂ ಹೇಳದೆಯೇ ಗೊತ್ತಾಗುತ್ತದೆ, ಗುಳೆ ಹೋಗಿದ್ದಾರೆ. ಡಬ್ಲ್ಯುಎಲ್‌ಎಂ ಅಂತ ಇನ್ನೊಂದು ಕುಬ್ಜ ಗೆಲಾಕ್ಸಿ ಇದೆ, ಸುಮಾರು 30 ಲಕ್ಷ ಜ್ಯೋತಿರ್ವರ್ಷ ದೂರ. ವೆಬ್‌ನಲ್ಲಿ ಅದರ ನಕ್ಷತ್ರ ಎಣಿಸಿದಾಗ ಇಂಥದ್ದೇ ಸಿಕ್ಕಿತು. ಶುರುವಿನಲ್ಲಿ ಒಂದಿಷ್ಟು ಹುಟ್ಟಿವೆ, ಆಮೇಲೆ ಬಹಳ ಕಾಲ ಹೆಚ್ಚುಕಡಿಮೆ ಸ್ತಬ್ಧ, ಮತ್ತೆ ಶುರು. ಆ ಕಾಲದ ವಿಶ್ವದ ಬಿಸಿಗೆ ಅನಿಲ ತಣ್ಣಗಾಗದೆ ಹುಟ್ಟು ನಿಂತಿರಬೇಕು ಅಂತ ಸಂಶೋಧಕರ ಊಹೆ.

ಸುಮ್ನೆ ಕೇಳ್ದೆ
ಗುಳೆ ಉದಾಹರಣೆ ಚೆನ್ನಾಗಿದೆ. ಇಲ್ಲಿ ತಲೆ ಎಣಿಸೋಕೇ ಯಾರೂ ಬರುವುದಿಲ್ಲ, 30 ಲಕ್ಷ ಜ್ಯೋತಿರ್ವರ್ಷದಾಚೆ ಹೋಗಿ ಎಣಿಸುತ್ತಾರೆ.

ಭೀಮಾತೀರ
😂 ಇದಕ್ಕೆ ಉತ್ತರ ಇಲ್ಲ.

ಆಳಂದದ ಹುಡುಗ
ಬೆಂಗಳೂರಿನಲ್ಲಿ ಇದ್ದೇನೆ. ಎಂಎಸ್ಸಿ ಪ್ರಾಜೆಕ್ಟಿಗೆ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಡೇಟಾ ಮುಟ್ಟಿದವನು, ಹಾಗಾಗಿ ಸುಮ್ಮನಿರಲು ಆಗಲಿಲ್ಲ. ಎಲ್ಲರೂ ವೆಬ್ ವೆಬ್ ಅಂತಿದ್ದೀರಿ. ಅಕ್ಕ ಹೇಳಿದ ಅದೇ ಡಬ್ಲ್ಯುಎಲ್‌ಎಂ ಅನ್ನು ನಮ್ಮ ಆಸ್ಟ್ರೋಸ್ಯಾಟ್ ವೆಬ್‌ಗಿಂತ ಮೊದಲೇ ನೋಡಿದೆ. ಭಾರತೀಯ ಖಭೌತ ಸಂಸ್ಥೆಯವರ ಲೇಖನ 2018ರಲ್ಲೇ ಬಂದಿದೆ.

ಆಸ್ಟ್ರೋಸ್ಯಾಟ್ ಹಾರಿದ್ದು 2015ರ ಸೆಪ್ಟೆಂಬರ್ 28ಕ್ಕೆ, ಪಿಎಸ್‌ಎಲ್‌ವಿಯಲ್ಲಿ. ಅದರಲ್ಲಿ ಯುವಿಐಟಿ ಅಂತ ಅತಿನೇರಳೆ ದೂರದರ್ಶಕ ಇದೆ. ಅವಳಿ ಕೊಳವೆ, ಒಂದೊಂದರ ಕನ್ನಡಿ 38 ಸೆಂ.ಮೀ. ವೆಬ್‌ನ ಕನ್ನಡಿ 6.5 ಮೀಟರ್. ಆದರೂ ವೆಬ್‌ಗೆ ಅತಿನೇರಳೆ ಕಾಣುವುದೇ ಇಲ್ಲ, ಅದು ಅವಗೆಂಪಿನ, ಅಂದರೆ ಕೆಂಪಿಗಿಂತ ಉದ್ದ ಅಲೆಯ ಕಾಣದ ಬೆಳಕಿನ ಮನುಷ್ಯ. ಈಗಷ್ಟೇ ಹುಟ್ಟಿದ ಸುಡುಬಿಸಿ ನಕ್ಷತ್ರ ಎಲ್ಲಿವೆ ಅಂತ ನೇರವಾಗಿ ತೋರಿಸುವುದು ಅತಿನೇರಳೆ. ನೆಲದ ಮೇಲೆ ನಿಂತು ಅದನ್ನು ನೋಡಲು ಆಗುವುದಿಲ್ಲ, ಓಜೋನ್ ಬಿಡುವುದಿಲ್ಲ. ಮೇಲೆಯೇ ಹೋಗಬೇಕು. ಯುವಿಐಟಿ ಒಂದು ಸಲಕ್ಕೆ ಹುಣ್ಣಿಮೆ ಚಂದ್ರನಷ್ಟು ಅಗಲದ ಆಕಾಶ ಹಿಡಿಯುತ್ತದೆ, ಹೆಚ್ಚುಕಡಿಮೆ ಇಡೀ ಗಿಡ್ಡ ಗೆಲಾಕ್ಸಿ ಒಂದೇ ಫ್ರೇಮಿನಲ್ಲಿ. (ಫರ್ಸಿ ಅಣ್ಣನ ಪದ ನಾನೂ ಎತ್ತಿಕೊಂಡೆ.)

ದುಡ್ಡಿನ ಮಾತು ಬಂತಲ್ಲ, ಆಸ್ಟ್ರೋಸ್ಯಾಟ್ ಖರ್ಚು 180 ಕೋಟಿ ರೂಪಾಯಿ ಆಸುಪಾಸು.

ಚಿಂಚೋಳಿ ಮಾಸ್ತರ
ಇದು ನನಗೆ ಗೊತ್ತೇ ಇರಲಿಲ್ಲ ತಮ್ಮಾ. ನೋಡಿದರೆ ಹೇಗಿರುತ್ತದೆ ಆ ಡೇಟಾ? ಫೋಟೋ ತರಹ ಬರುತ್ತದಾ?

ಆಳಂದದ ಹುಡುಗ
ಇಲ್ಲ ಸರ್. ಫೋಟಾನ್, ಅಂದರೆ ಬೆಳಕಿನ ಕಣ, ಒಂದೊಂದೇ ಬಂದ ಪಟ್ಟಿ. ಯಾವ ಕ್ಷಣ, ಯಾವ ಜಾಗ. ಉಪಗ್ರಹ ಅಲುಗಾಡುತ್ತಿರುತ್ತದೆ, ಆ ಅಲುಗಾಟ ಕಳೆದು ಫೋಟಾನ್‌ಗಳನ್ನು ಜಾಗಕ್ಕೆ ಕೂರಿಸಬೇಕು. ಮೊದಲನೇ ಸಲ ಮಾಡಿದಾಗ ನನ್ನ ಪ್ರತಿ ನಕ್ಷತ್ರವೂ ಗೊಂಚಲು ಜಿಲೇಬಿ ಆಗಿತ್ತು. ಗೈಡ್ ಬಂದು ನೋಡಿ ಏನೂ ಹೇಳದೆ ಚಹಾ ಕುಡಿಯಲು ಹೋದರು. ಒಂದು ಪ್ಲಸ್‌ಗೆ ಮೈನಸ್ ಹಾಕಿದ್ದೆ, ಅಷ್ಟೇ.

ಮಾಳಿಗೆ ಮನೆ
ಹಾಗಾದರೆ ಬಣ್ಣ ಯಾರು ಹಾಕುತ್ತಾರೆ? ವೆಬ್ ಫೋಟೋ ಸುಳ್ಳಾ?

ಕತ್ತಲು ಹುಡುಕುವವ
ಬಣ್ಣ ಹಚ್ಚುತ್ತಾರೆ, ಆದರೆ ಮನಸ್ಸಿಗೆ ಬಂದ ಹಾಗೆ ಅಲ್ಲ. ಬೇರೆ ಬೇರೆ ಫಿಲ್ಟರಿನಲ್ಲಿ ಕಪ್ಪು ಬಿಳುಪು ಚಿತ್ರ ತೆಗೆಯುತ್ತಾರೆ. ಚಿಕ್ಕ ಅಲೆಯ ಚಿತ್ರಕ್ಕೆ ನೀಲಿ, ಉದ್ದ ಅಲೆಯದ್ದಕ್ಕೆ ಕೆಂಪು. ಕಣ್ಣಿಗೆ ಕಾಣದ ಬೆಳಕನ್ನು ಕಣ್ಣಿಗೆ ಇಳಿಸುವ ದಾರಿ ಅದು.

ಮಾಸ್ತರ ಎರಡನೇ ಫೋಟೋದ ಹೊಗೆಗೂ ಇಲ್ಲೇ ಉತ್ತರ ಇದೆ. ಮೊದಲನೆಯದು ವೆಬ್‌ನ ನಿರ್‌ಕ್ಯಾಮ್ ಅನ್ನುವ ಕ್ಯಾಮೆರಾದಲ್ಲಿ ತೆಗೆದದ್ದು, ಕೆಂಪಿಗೆ ಹತ್ತಿರದ ಅವಗೆಂಪು. ಧೂಳನ್ನು ತೂರಿಕೊಂಡು ನಕ್ಷತ್ರ ತೋರಿಸುತ್ತದೆ. ಎರಡನೆಯದು ಮಿರಿ ಅನ್ನುವ ಇನ್ನೊಂದು ಉಪಕರಣದ್ದು, ಇನ್ನೂ ಉದ್ದದ ಅಲೆ. ಅಲ್ಲಿ ನಕ್ಷತ್ರ ಮಂಕಾಗುತ್ತದೆ, ನಕ್ಷತ್ರದಿಂದ ಬೆಚ್ಚಗಾದ ಧೂಳೇ ಹೊಳೆಯುತ್ತದೆ. ನಡುನಡುವೆ ಚುಕ್ಕೆ ಚುಕ್ಕೆಯಾಗಿ ಹಿಂದಿನ, ಬಹಳ ದೂರದ ಗೆಲಾಕ್ಸಿಗಳೂ ಕಾಣುತ್ತವೆ. ಮಕ್ಕಳಿಗೆ ಸುರುಳಿಯೇ ಬೇಕಂದರೆ ಅಲ್ಲಿ ಹುಡುಕಲು ಹೇಳಿ.

ಚಿಂಚೋಳಿ ಮಾಸ್ತರ
ಅಯ್ಯೋ, ಇದು ಬಲು ಒಳ್ಳೆಯ ಐಡಿಯಾ. ಫೋಟೋ ಮತ್ತೆ ಗೋಡೆಗೆ ಹಾಕಿ ಭೂತಗನ್ನಡಿ ಕೈಗೆ ಕೊಡುತ್ತೇನೆ.

ಯಾದಗಿರಿ ಅಕ್ಕ
ಧೂಳಿನ ಮಾತಿಗೆ ಒಂದು ಸೇರಿಸುತ್ತೇನೆ. ಈ ಗೆಲಾಕ್ಸಿಗಳಲ್ಲಿ ಜಲಜನಕ, ಹೀಲಿಯಂ ಬಿಟ್ಟು ಉಳಿದ ಧಾತುಗಳು ಬಹಳ ಕಡಿಮೆ. ಡಬ್ಲ್ಯುಎಲ್‌ಎಂನಲ್ಲಿ ಆಮ್ಲಜನಕದ ಪ್ರಮಾಣ ಸೂರ್ಯನಲ್ಲಿರುವುದರ ಏಳೆಂಟನೇ ಒಂದು ಭಾಗ ಅಷ್ಟೇ. ವಿಶ್ವ ಎಳೆಯದಾಗಿದ್ದಾಗ ಎಲ್ಲಾ ಕಡೆ ಹೀಗೇ ಇತ್ತು. ಆ ಕಾಲದ ಗೆಲಾಕ್ಸಿಗಳು ಎಷ್ಟು ದೂರ ಅಂದರೆ ಅಲ್ಲಿ ಒಂದೊಂದು ನಕ್ಷತ್ರ ಎಣಿಸುವ ಮಾತೇ ಇಲ್ಲ. ಅದೇ ಅಡುಗೆ ಈಗಲೂ ಪಕ್ಕದ ಮನೆಯಲ್ಲಿ ನಡೆಯುತ್ತಿದ್ದರೆ ಹೋಗಿ ಇಣುಕಬಹುದಲ್ವಾ? ಡಬ್ಲ್ಯುಎಲ್‌ಎಂ ಸುತ್ತ ಬೇರೆ ಯಾವ ಗೆಲಾಕ್ಸಿಯೂ ಹತ್ತಿರ ಇಲ್ಲ, ಯಾರೂ ಕೈ ಹಾಕಿ ಕೆಡಿಸಿಲ್ಲ. ಅದು ಇನ್ನೂ ಒಳ್ಳೆಯದಾಯಿತು.

ಭಾಲ್ಕಿ ಖಲಾಸಿ
ತಡವಾಗಿ ಬಂದೆ. ನಾನು ಹಡಗಿನಲ್ಲಿ ಕೆಲಸ ಮಾಡುವವನು, ಬೀದರ್ ಜಿಲ್ಲೆ ಭಾಲ್ಕಿ ಕಡೆ. ಇಂಥ ಗೆಲಾಕ್ಸಿ ನಾನು ಬರಿಗಣ್ಣಲ್ಲಿ ನೋಡಿದ್ದೇನೆ, ಟೆಲಿಸ್ಕೋಪ್ ಇಲ್ಲದೆ. ದಕ್ಷಿಣ ಆಫ್ರಿಕಾ ಸುತ್ತಿ ಹೋಗುವಾಗ ಡೆಕ್ ಮೇಲೆ ಬಿದ್ದುಕೊಂಡಿದ್ದೆ. ಎರಡು ಮೋಡದ ತುಂಡು ಒಂದೇ ಕಡೆ ನಿಂತಿದ್ದವು. ಒಂದು ದೊಡ್ಡದು, ಒಂದು ಚಿಕ್ಕದು. ಮೋಡ ಸರಿಯುತ್ತದೆ ಅಂತ ಕಾದೆ. ಗಂಟೆ ಕಳೆದರೂ ನಕ್ಷತ್ರದ ಜೊತೆಗೇ ತಿರುಗಿತು, ಚೆದುರಲಿಲ್ಲ. ಮರುದಿನವೂ ಅಲ್ಲೇ. ಸೆಕೆಂಡ್ ಆಫೀಸರ್ ಹೇಳಿದ ಮೇಲೆ ಗೊತ್ತಾಯಿತು, ಮೆಗಲನ್ ಮೋಡಗಳು ಅಂತ. ಬೀದರ್ ಕೋಟೆ ಮೇಲಿಂದ ಯಾಕೆ ಕಾಣಲ್ಲ ಅದು?

ಕತ್ತಲು ಹುಡುಕುವವ
ಅಣ್ಣಾ, ಹೊಟ್ಟೆಕಿಚ್ಚು ಆಗುತ್ತಿದೆ. ನಮ್ಮ ಅಕ್ಷಾಂಶ 17 ಡಿಗ್ರಿ ಚಿಲ್ಲರೆ. ದೊಡ್ಡ ಮೋಡ ದಕ್ಷಿಣ ದಿಗಂತದಿಂದ ಮೂರು ಡಿಗ್ರಿಯೂ ಮೇಲೆ ಬರುವುದಿಲ್ಲ. ಚಿಕ್ಕದು ದಿಗಂತಕ್ಕೇ ತಾಗಿ ಮುಳುಗುತ್ತದೆ. ತೊಗರಿ ಗಿಡ ಅಡ್ಡ ಬಂದರೆ ಸಾಕು, ಕಥೆ ಮುಗೀತು. ಕನ್ಯಾಕುಮಾರಿಯಲ್ಲಾದರೆ ದೊಡ್ಡದು ಹನ್ನೆರಡು ಡಿಗ್ರಿ ಏರುತ್ತದೆ.

ಯಾದಗಿರಿ ಅಕ್ಕ
ನೀವು ನೋಡಿದ ಚಿಕ್ಕ ಮೋಡ ಇದೆಯಲ್ಲ, ಅದು ಸುಮ್ನೆ ಅಲ್ಲ ಅಣ್ಣಾ. ಹೆನ್ರಿಯೆಟ್ಟಾ ಲೆವಿಟ್ ಅನ್ನುವ ಹೆಣ್ಣುಮಗಳು 1912ರಲ್ಲಿ ಅದರಲ್ಲಿರುವ 25 ಮಿಣುಕು ನಕ್ಷತ್ರಗಳ ಲೆಕ್ಕ ಹಾಕಿದರು. ಸೆಫೀಡ್ ಅಂತಾರೆ ಅವಕ್ಕೆ. ಎಷ್ಟು ನಿಧಾನವಾಗಿ ಮಿಣುಕುತ್ತದೋ ಅಷ್ಟು ಹೆಚ್ಚು ಬೆಳಕು. ಗೆಲಾಕ್ಸಿಗಳ ದೂರ ಅಳೆಯುವ ಕೋಲು ಸಿಕ್ಕಿದ್ದು ಅಲ್ಲಿಂದ.

ಭೀಮಾತೀರ
ಅದೇ ಕೋಲು ಹಿಡಿದು ಖಗೋಳ ವಿಜ್ಞಾನಿ ಹಬಲ್ ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಹೊರಗಿನ ಗೆಲಾಕ್ಸಿ ಅಂತ ತೋರಿಸಿದ. ಬರ್ನಾರ್ಡ್ ಗೆಲಾಕ್ಸಿ ಎಲ್ಲಾ ಆಮೇಲೆ ಬಂದದ್ದು.

ಆಳಂದದ ಹುಡುಗ
ಸ್ವಲ್ಪ ತಿದ್ದುತ್ತೇನೆ ಭೀಮಾತೀರ ಅವರೇ. ಸುದ್ದಿ ಆಂಡ್ರೊಮಿಡಾದ್ದೇ ಮೊದಲು, 1925ರ ಜನವರಿ 1. ಆದರೆ ಹಬಲ್ ವಿವರವಾಗಿ ಬರೆದು ಮೊದಲು ಪ್ರಕಟಿಸಿದ ಲೇಖನ ಬರ್ನಾರ್ಡ್ ಗೆಲಾಕ್ಸಿ ಮೇಲಿನದು. ಅದೂ 1925ರಲ್ಲೇ. 11 ಸೆಫೀಡ್ ಹಿಡಿದು ಸುಮಾರು 7 ಲಕ್ಷ ಜ್ಯೋತಿರ್ವರ್ಷ ಅಂದ. ಆಂಡ್ರೊಮಿಡಾದ ವಿವರವಾದ ಲೇಖನ ಬಂದದ್ದು 1929ರಲ್ಲಿ.

ಭೀಮಾತೀರ
7 ಲಕ್ಷ? ಮಾಸ್ತರು 16 ಲಕ್ಷ ಅಂದರಲ್ಲ?

ಆಳಂದದ ಹುಡುಗ
ಈಗಿನ ಲೆಕ್ಕಕ್ಕೆ ಮಾಸ್ತರದ್ದೇ ಸರಿ. ಆಗ ಅಳತೆ ಕೋಲೇ ಗಿಡ್ಡ ಇತ್ತು. ಸೆಫೀಡ್‌ಗಳಲ್ಲಿ ಎರಡು ಜಾತಿ ಅಂತ ಬಾಡೆ ಅನ್ನುವ ಖಗೋಳ ವಿಜ್ಞಾನಿ 1952ರಲ್ಲಿ ತೋರಿಸಿದ ಮೇಲೆ ಎಲ್ಲಾ ಗೆಲಾಕ್ಸಿಗಳೂ ಒಮ್ಮೆಗೇ ದೂರ ಸರಿದವು.

ಭೀಮಾತೀರ
ಸೋತೆ. ಒಪ್ಪಿದೆ.

ಶಹಾಬಾದ್ ಫರ್ಸಿ
ಬರ್ನಾರ್ಡ್ ಬಗ್ಗೆ ಯಾರೂ ಹೇಳಲಿಲ್ಲ. ಅಮೆರಿಕದ ನ್ಯಾಶ್‌ವಿಲ್‌ನ ಬಡವರ ಮನೆ ಹುಡುಗ. ಒಂಬತ್ತನೇ ವಯಸ್ಸಿಗೆ ಫೋಟೋ ಸ್ಟುಡಿಯೋದಲ್ಲಿ ಕೂಲಿಗೆ ಸೇರಿದ. ಆಗ ಹೊಸ ಧೂಮಕೇತು ಕಂಡುಹಿಡಿದವರಿಗೆ ಒಬ್ಬ ಶ್ರೀಮಂತ 200 ಡಾಲರ್ ಬಹುಮಾನ ಕೊಡುತ್ತಿದ್ದ. ಇವನು ಒಂದಾದ ಮೇಲೊಂದು ಹಿಡಿದು, ಆ ದುಡ್ಡಿನಲ್ಲೇ ಮನೆ ಕಟ್ಟಿದ. ಈ ಗೆಲಾಕ್ಸಿ ಕಂಡದ್ದು 1884ರಲ್ಲಿ, ಚಿಕ್ಕ ಟೆಲಿಸ್ಕೋಪಿನಲ್ಲಿ. ಮಾಸ್ತರ ಹತ್ತಿರ ಇರುವುದಕ್ಕಿಂತ ಚಿಕ್ಕದು!

ತೊಗರಿ ಕಣಜ
ಧೂಮಕೇತು ಹಿಡಿದು ಮನೆ ಕಟ್ಟಿದನಾ? ನಾವು ಇಲ್ಲಿ ತೊಗರಿ ಬೆಳೆದು ಬಾಗಿಲು ಕೂರಿಸಲು ಆಗುತ್ತಿಲ್ಲ.

ಮಾಳಿಗೆ ಮನೆ
ನಮ್ಮವರೇನು ಕಡಿಮೆ? ಫಿರೋಜ್ ಷಾ ಬಹಮನಿ ನಮ್ಮ ಭೀಮಾ ದಂಡೆಯ ಫಿರೋಜಾಬಾದ್‌ನಲ್ಲೇ ವೀಕ್ಷಣಾಲಯ ಕಟ್ಟಿಸಿದ್ದ.

ಭೀಮಾತೀರ
ಈ ಸಲ ನಾನು ತಿದ್ದುತ್ತೇನೆ 😄 ಫಿರೋಜಾಬಾದ್ ಅವನು ಕಟ್ಟಿಸಿದ ಊರು, ನಿಜ. ವೀಕ್ಷಣಾಲಯ ಶುರು ಮಾಡಿಸಿದ್ದು ದೌಲತಾಬಾದ್ ಹತ್ತಿರ, 1407ರಲ್ಲಿ. ಉಸ್ತುವಾರಿ ಹಕೀಮ್ ಹಸನ್ ಗಿಲಾನಿಯದ್ದು. ಅವನು ತೀರಿಕೊಂಡ, ಕೆಲಸ ಅರ್ಧಕ್ಕೇ ನಿಂತಿತು.

ಸುಮ್ನೆ ಕೇಳ್ದೆ
ಅರ್ಧಕ್ಕೆ ನಿಂತ ಸರ್ಕಾರಿ ಕಾಮಗಾರಿ. 600 ವರ್ಷದ ಸಂಪ್ರದಾಯ.

ಯಾದಗಿರಿ ಅಕ್ಕ
ಹಳೆಯದ್ದೇ ಬೇಕಂದರೆ ನಮ್ಮ ಜಿಲ್ಲೆಗೆ ಬನ್ನಿ. ಹುಣಸಗಿ ಹತ್ತಿರ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗ ಇದೆ. ಸುಮಾರು 12 ಲಕ್ಷ ವರ್ಷ ಹಿಂದಿನದು ಅಂತ ಕಾಲ ಗುರುತಿಸಿದ್ದಾರೆ. ಮಾಸ್ತರ ಫೋಟೋದಲ್ಲಿರುವ ಬೆಳಕು ಅದಕ್ಕಿಂತ 4 ಲಕ್ಷ ವರ್ಷ ಮೊದಲೇ ಹೊರಟಿತ್ತು. ಇಸಾಂಪುರದಲ್ಲಿ ಕಲ್ಲು ಒಡೆಯುವಾಗ ಅದು ಕಾಲು ಹಾದಿ ಬಂದಿತ್ತು, ಅಷ್ಟೇ.

ಚಿಂಚೋಳಿ ಮಾಸ್ತರ
ಅಕ್ಕಾ, ಇದನ್ನು ನಾಳೆಯೇ ಬೋರ್ಡಿನ ಮೇಲೆ ಬರೆಯುತ್ತೇನೆ. ಸರಿ, ಈಗ ನೋಡುವ ಮಾತು. ಯಾವಾಗ ಹೋಗೋಣ? ಈ ಧನು ರಾಶಿ ರಾತ್ರಿಯಿಡೀ ಇರುವುದು ಜುಲೈನಲ್ಲಿ, ಆಗ ನಮ್ಮಲ್ಲಿ ಮಳೆ.

ಕತ್ತಲು ಹುಡುಕುವವ
ಅದೇ ತಲೆನೋವು. ಅಕ್ಟೋಬರ್‌ನಲ್ಲಿ ಕತ್ತಲಾದ ಕೂಡಲೇ ಒಂದೆರಡು ಗಂಟೆ ಸಿಗುತ್ತದೆ. ಏಳೂಕಾಲಿಗೆಲ್ಲಾ ದಿಗಂತದಿಂದ 55 ಡಿಗ್ರಿ ಹತ್ತಿರ ಮೇಲೆ ಇರುತ್ತದೆ. ದೀಪಾವಳಿ ಅಮಾವಾಸ್ಯೆಗೆ ಮೊದಲಿನ ಶನಿವಾರ ಹೋಗೋಣ. ಹಬ್ಬದ ದಿನ ಬೇಡ, ಪಟಾಕಿ ಹೊಗೆ.

ಆದರೆ ದಯವಿಟ್ಟು ಊರವರಿಗೆ ಮೊದಲೇ ಹೇಳಿ ಇಡಿ. ಹೋದ ವರ್ಷ ನಾವು ಮೂರು ಜನ ಒಂದು ಹಾಳು ಗುಡಿ ಹತ್ತಿರದ ಹೊಲದಲ್ಲಿ ಟೆಲಿಸ್ಕೋಪ್ ನಿಲ್ಲಿಸಿದ್ದೆವು. ಕೆಂಪು ಟಾರ್ಚು, ನೆಲದ ಮೇಲೆ ನಕ್ಷೆ, ಮೂರು ಜನ ಬಗ್ಗಿ ಪಿಸುಮಾತು. ಹತ್ತು ನಿಮಿಷದಲ್ಲಿ ಬಡಿಗೆ ಹಿಡಿದ ಎಂಟು ಜನ ಸುತ್ತುವರಿದರು. ನಿಧಿಗಳ್ಳರು ಅಂದುಕೊಂಡಿದ್ದರು. "ಪೂಜಿ ಸಾಮಾನ ಎಲ್ಲಿಟ್ಟೀರಿ?" ಅಂತ ಒಬ್ಬ ಚೀಲ ಕೊಡವಿದ. ಐಪೀಸ್ ಡಬ್ಬಿ ಉರುಳಿತು. ಕೊನೆಗೆ ಹಿರಿಯರೊಬ್ಬರಿಗೆ ಶನಿ ತೋರಿಸಿದೆವು. ಉಂಗುರ ಕಂಡ ಮೇಲೆ ಬಡಿಗೆ ಕೆಳಗಿಟ್ಟರು. ಆಮೇಲೆ ಎಂಟು ಜನವೂ ಸಾಲಿನಲ್ಲಿ ನಿಂತರು, ಮನೆಗೆ ಹೋಗಿ ಹೆಂಗಸರನ್ನೂ ಮಕ್ಕಳನ್ನೂ ಕರೆತಂದರು. ನಮಗೆ ಆ ರಾತ್ರಿ ಒಂದೂ ಫೋಟೋ ತೆಗೆಯಲು ಆಗಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ ಮಾತ್ರ ಸಿಕ್ಕಿತು.

ತೊಗರಿ ಕಣಜ
ಪುಂಡಿಪಲ್ಯ ಸಿಗುತ್ತದೆ ಅಂದರೆ ನಾನೂ ನಿಧಿಗಳ್ಳ ಆಗಲು ರೆಡಿ.

ನಿರ್ವಾಹಕ
ಊಟದ ಚರ್ಚೆಗೆ ಬೇರೆ ಎಳೆ ಇದೆ.

ತೊಗರಿ ಕಣಜ
ಆ ಎಳೆಯಲ್ಲಿ ಎಲ್ಲರೂ ರಾಜಕೀಯ ಮಾತಾಡುತ್ತಿದ್ದಾರೆ ಸರ್.

ಚಿಂಚೋಳಿ ಮಾಸ್ತರ
(ಮೂರು ವಾರದ ನಂತರ) ಹೋಗಿ ಬಂದೆವು. ಮಕ್ಕಳು ಹನ್ನೊಂದು ಜನ, ಅವರ ಅಪ್ಪ ಅಮ್ಮಂದಿರು ನಾಲ್ಕು ಜನ, ಸೇಡಂ ಗೆಳೆಯರು, ನಾನು. ಜಾಗ ನಮ್ಮ ಒಬ್ಬ ವಿದ್ಯಾರ್ಥಿಯ ಹೊಲ. ಊರವರಿಗೆ ಮೊದಲೇ ಹೇಳಿದ್ದೆವು, ಬಡಿಗೆ ಬರಲಿಲ್ಲ.

ರಸ್ತೆ ಗುಂಡಿಗಳಲ್ಲಿ ಕುಣಿದು ಕನ್ನಡಿಯ ಜೋಡಣೆ ತಪ್ಪಿತ್ತು. ಪ್ರತಿ ನಕ್ಷತ್ರಕ್ಕೂ ಬಾಲ. ಅದನ್ನು ಸರಿಮಾಡಲು ಅರ್ಧ ಗಂಟೆ ಹೋಯಿತು. ನಂತರ 6818 ಹಿಡಿದೆವು. ಅಲ್ಲಿಂದ ಕೆಳಗೆ ಸರಿದರೆ ಏನೂ ಇಲ್ಲ. ನಾನು ನೋಡಿದೆ, ಇಲ್ಲ. ಸೇಡಂ ಗೆಳೆಯರು ಕಣ್ಣಿಟ್ಟು "ಇದೆ" ಅಂದರು. ನನಗೆ ಮತ್ತೆ ಇಲ್ಲ. ನೇರ ನೋಡಬೇಡಿ, ಓರೆಗಣ್ಣಲ್ಲಿ ನೋಡಿ, ಟೆಲಿಸ್ಕೋಪ್ ಮೆಲ್ಲಗೆ ತಟ್ಟಿ ಅಂದರು. ತಟ್ಟಿದೆ. ಕತ್ತಲೊಳಗೆ ಕತ್ತಲಿಗಿಂತ ಚೂರು ಬೆಳ್ಳಗಿನದು ಒಂದು ಅಲುಗಾಡಿತು. ಕನ್ನಡಿ ಮೇಲೆ ಯಾರೋ ಉಸಿರು ಬಿಟ್ಟ ಹಾಗೆ.

ಆ ಹುಡುಗಿ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದಳು. ಸ್ಟೂಲಿನಿಂದ ಇಳಿಯಲೇ ಇಲ್ಲ. ಕೊನೆಗೆ ಹೇಳಿದಳು: "ಸರ, ನೋಡಿದ್ರ ಇಲ್ಲ, ನೋಡ್ಲಿಲ್ಲಂದ್ರ ಅದ."

ಯಾದಗಿರಿ ಅಕ್ಕ
❤️ ಫೋಟೋದಲ್ಲಿ ಭೂತಗನ್ನಡಿ ಹಿಡಿದು ಸುರುಳಿ ಹುಡುಕಿದರಾ?

ಚಿಂಚೋಳಿ ಮಾಸ್ತರ
ಏಳು ಸಿಕ್ಕಿದವು ಅಂತಾರೆ. ಅದರಲ್ಲಿ ಎರಡು ಪ್ರಿಂಟರಿನ ಮಸಿ ಅಂತ ನನ್ನ ಅನುಮಾನ.

ಆಳಂದದ ಹುಡುಗ
ಸರ್, ಮುಂದಿನದು ಡಬ್ಲ್ಯುಎಲ್‌ಎಂ. ಅದು ಇನ್ನೂ ಮಂಕು, 8 ಇಂಚಿನಲ್ಲಿ ಕಣ್ಣಿಗೆ ಕಾಣುವುದು ಕಷ್ಟ. ಆದರೆ ಕ್ಯಾಮೆರಾ ಹಾಕಿದರೆ ಬರುತ್ತದೆ. ತಿಮಿಂಗಿಲ ರಾಶಿ. ಡಿಸೆಂಬರ್ ಸಂಜೆ ಚೆನ್ನಾಗಿ ಮೇಲಿರುತ್ತದೆ, ಆಕಾಶವೂ ಶುಭ್ರ.

ತೊಗರಿ ಕಣಜ
ಹಾಗಾದರೆ ಎಳ್ಳಮಾವಾಸ್ಯೆ! ಆ ದಿನ ಹೇಗೂ ಎಲ್ಲರೂ ಹೊಲದಲ್ಲೇ. ಚಂದ್ರನೂ ಇಲ್ಲ. ಮಧ್ಯಾಹ್ನ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ತಿಂದು ಮರದ ಕೆಳಗೆ ಒಂದು ನಿದ್ದೆ ತೆಗೆದು, ಕತ್ತಲಾದ ಮೇಲೆ ಗಿಡ್ಡ ಗೆಲಾಕ್ಸಿ. ನಮ್ಮ ಹೊಲ ಆಳಂದ ರಸ್ತೆಯಲ್ಲಿದೆ, ಹತ್ತಿರದಲ್ಲಿ ಒಂದು ಬಲ್ಬೂ ಇಲ್ಲ. ಬರುವವರು ಇಲ್ಲೇ ಹೆಸರು ಹಾಕಿ, ರೊಟ್ಟಿ ಲೆಕ್ಕ ಹೇಳಬೇಕು ಮನೆಯಲ್ಲಿ.

ಸುಮ್ನೆ ಕೇಳ್ದೆ
ನನ್ನದು ಒಂದು ಬರೆದುಕೊಳ್ಳಿ. ಇಬ್ಬರು ಮೊಮ್ಮಕ್ಕಳು ಸೇರಿ ಮೂರು.

ಭಾಲ್ಕಿ ಖಲಾಸಿ
ಡಿಸೆಂಬರ್‌ಗೆ ರಜೆ ಮೇಲೆ ಬರುತ್ತೇನೆ. ನಾನೂ ಒಬ್ಬ.